ಎಂಟು ತುಂಡಿನ ಪೆಟ್ಟಿಗೆ

ಚಳಿಗಾಲ ಕಾಲು ಕೀಳುತ್ತಿದ್ದ ದಿನಗಳು. ಶನಿವಾರ, ಬೆಳಗಿನ ಹತ್ತರ ಹೊತ್ತು. ಮುದಿ ಬಡಗಿ ಜಗುಲಿಯಲ್ಲಿ ಉಳಿ ಮಸೆಯುತ್ತಿದ್ದಾಗ ಒಳಗೆ ಸೊಸೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅವಳು ಕಂಪ್ಯೂಟರಿನಲ್ಲಿ ಗಣಿತಕ್ಕೆ ಚಿತ್ರ ಕಟ್ಟುವವಳು. ಹೊಸ ಚಿತ್ರವೊಂದನ್ನು ಸೋಮವಾರ ಶಾಲೆಗಳ ಕಚೇರಿಯವರಿಗೆ ತೋರಿಸಬೇಕಿತ್ತು. ಒಪ್ಪಿದರೆ ವರ್ಷವಿಡೀ ಕೆಲಸ, ಇಲ್ಲವಾದರೆ ಅದು ಬೇರೆಯವರ ಪಾಲು. ಮುದುಕ ಎದ್ದು ಮೆಟ್ಟಿದ ಚಪ್ಪಲಿಯಲ್ಲೇ ಒಳಗೆ ಬಂದ.

"ಏನಮ್ಮಾ, ಮುಖ ಗಂಟು ಹಾಕ್ಕೊಂಡಿದೀಯ?"

"ನೋಡಿ ಮಾವ. ದೊಡ್ಡ ಅಳತೆಗೆ ಚಿಕ್ಕದೊಂದು ಕೂಡಿಸಿ, ಅದನ್ನೇ ಉದ್ದ, ಅಗಲ, ಎತ್ತರ ಮಾಡಿ ಗುಣಿಸಿದ್ರೆ ಈ ಪೆಟ್ಟಿಗೆ. ಒಳಗೆ ಎಂಟು ತುಂಡು. ದೊಡ್ಡ ಘನ, ಚಿಕ್ಕ ಘನ, ಮೂರು ಹಲಗೆ, ಮೂರು ಪಟ್ಟಿ. ಲೆಕ್ಕ ಸರಿಯಾಗೇ ಇದೆ, ಪೆಟ್ಟಿಗೆ ಮಾತ್ರ ತುಂಬ್ತಿಲ್ಲ."

ಮೂರನೇ ತರಗತಿಗೇ ಶಾಲೆಗೆ ಕೈಮುಗಿದಿದ್ದ ಮುದುಕ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಅಲ್ಲಿನ ಅಕ್ಷರಗಳ ತಲೆಬುಡ ತಿಳಿಯಲಿಲ್ಲ. ಹಲಗೆಗಳು ತಿಳಿದವು.

"ಮೂರನ್ನೂ ಮಲಗಿಸಿಬಿಟ್ಟಿದೀಯಲ್ಲೇ, ಅವಕ್ಕೇನು ಜ್ವರವಾ? ಒಂದು ಮೇಲೆ ಮಲಗಲಿ, ಒಂದು ಎದುರಿಗೆ ನಿಲ್ಲಲಿ, ಒಂದು ಪಕ್ಕಕ್ಕೆ. ಪಟ್ಟಿಗಳೂ ಅಷ್ಟೇ, ಉದ್ದಕ್ಕೊಂದು, ಅಡ್ಡಕ್ಕೊಂದು, ನೆಟ್ಟಗೊಂದು."

"ಅಯ್ಯೋ! ಒಂದನ್ನ ಬರೆದು ಅದನ್ನೇ ಮೂರು ಸಲ ಇಟ್ಟೆ, ತಿರುಗಿಸಲೇ ಇಲ್ಲ!"

ಅವಳ ಬೆರಳುಗಳು ಪಟಪಟನೆ ಓಡಿದವು. ತುಂಡುಗಳು ಜಾರಿ ಬಂದು, ಕೂದಲೆಳೆ ಸಂದು ಉಳಿಯದಂತೆ ಪೆಟ್ಟಿಗೆ ಮುಚ್ಚಿಕೊಂಡಿತು. ಅವಳು ಚಿಕ್ಕ ಅಳತೆಯನ್ನು ಬೆಳೆಸಿದಳು. ಹಲಗೆ ದಪ್ಪವಾಯಿತು, ಪಟ್ಟಿ ಉಬ್ಬಿತು, ಎಂಟೂ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತ ಬೆಳೆದವು. ಗರಗಸ ತನ್ನ ದಪ್ಪದಷ್ಟು ಮರ ತಿನ್ನದೆ ಬಿಟ್ಟದ್ದನ್ನು ಅವನು ಐವತ್ತು ವರ್ಷದಲ್ಲಿ ಕಂಡಿರಲಿಲ್ಲ. ಇಲ್ಲಿ ಒಂದು ಚೂರೂ ಪೋಲಾಗಿರಲಿಲ್ಲ.

"ಅದೇ ಅಳತೆಯಿಂದ ಇನ್ನೊಂದು ಸಲ ಗುಣಿಸಿದ್ರೆ?"

"ಹದಿನಾರು ತುಂಡು, ಮಾವ. ಅದನ್ನಿಡೋಕೆ ನಮ್ಮ ಉದ್ದ ಅಗಲ ಎತ್ತರ ಸಾಲಲ್ಲ. ಅದರ ನೆರಳು ಬೇಕಾದ್ರೆ ಪರದೆ ಮೇಲೆ ತೋರಿಸ್ತೀನಿ."

ನೆರಳು ಮೂಡಿತು. ಪೆಟ್ಟಿಗೆಯೊಳಗಿಂದ ಪೆಟ್ಟಿಗೆ ಹೊರಬಂದು, ಹೊರಗಿನದು ಒಳಗಾಗಿ, ಸದ್ದಿಲ್ಲದೆ ತಿರುಗಿತು. ಮುದುಕ ಕಾಲಿನ ಚಪ್ಪಲಿ ಬಿಟ್ಟು ನಿಂತ.

"ಯಾರಮ್ಮಾ ಇದನ್ನ ಕೊಯ್ದದ್ದು?"

"ಯಾರೂ ಕೊಯ್ದಿಲ್ಲ ಮಾವ. ಮೊದಲಿಂದ ಹಾಗೇ ಇದೆ."

ಮಧ್ಯಾಹ್ನದ ಊಟ ಆರಿತು, ಅವನು ಕದಲಲಿಲ್ಲ.

ಸೋಮವಾರ ಕಚೇರಿಯವರು ಅಲ್ಲೇ ಒಪ್ಪಿದರು. ಗುರುವಾರ ಬೆಳಗ್ಗೆ ಸೊಸೆ ಮಕ್ಕಳಿಗೆ ಪೆಟ್ಟಿಗೆ ತೋರಿಸಲು ಮೊದಲ ಶಾಲೆಗೆ ಹೊರಟಳು.