ಬಿಳಿಯ ಹಿಂಗಾಲು

"ಕೆಂಪು ಬೇಡ ಆಂಟಿ," ಎಂದಳು ರೇಸ್ ಕ್ಲಬ್ಬಿನ ಪ್ರಚಾರದ ಹುಡುಗಿ, ಬೀರುವಿನೊಳಗೆ ಅರ್ಧ ಮೈ ತೂರಿಸಿಕೊಂಡು. "ಕೆಂಪು ನೋಡಿದ್ರೆ ಜನಕ್ಕೆ ಗಾಯ ಜ್ಞಾಪಕ ಬರುತ್ತೆ. ತಿಳಿನೀಲಿ ಇಲ್ವಾ? ತಿಳಿನೀಲಿ ಅಂದ್ರೆ ನಂಬಿಕೆ."

ಇಪ್ಪತ್ತು ವರ್ಷ ಜಾಕಿಗಳ ಅಂಗಿ ಹೊಲಿದವಳಿಗೆ ಬಣ್ಣದ ಪಾಠ! ರೇಸಿನ ಕುದುರೆಗಳ ಮಾಲೀಕರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ದೂರದ ತಿರುವಿನಲ್ಲಿ ಕುದುರೆಗಳೆಲ್ಲ ಒಂದೇ ಧೂಳಿನ ಮುದ್ದೆಯಾಗಿ ಬರುವಾಗ ಯಾವುದು ಯಾರದು ಎಂದು ಜನ ಗುರುತಿಸುತ್ತಿದ್ದದ್ದು ಅವಳು ಹೊಲಿದ ತೋಳು, ಬೆನ್ನಿನ ಪಟ್ಟೆ ನೋಡಿಯೇ. ಜಾಕಿಗಳು ಅವಳನ್ನು ಅಂಗಿಯಕ್ಕ ಎಂದು ಕರೆಯುತ್ತಿದ್ದರು. ಅಂಗಿಯಕ್ಕ ಹುಡುಗಿಯ ಬೆನ್ನನ್ನೇ ನೋಡಿದಳು. ಅವಳ ಜಾಕೀಟಿನ ಒಂದು ಭುಜ ಇನ್ನೊಂದಕ್ಕಿಂತ ಬೆರಳಗಲ ಕೆಳಗಿತ್ತು. ಇಂಥ ಹೊಲಿಗೆಗೆ ದುಡ್ಡು ಕೊಟ್ಟವಳು ಊರಿನ ನಂಬಿಕೆ ಯಾವ ಬಣ್ಣದ್ದು ಎಂದು ನಿರ್ಧರಿಸಲು ಬಂದಿದ್ದಾಳೆ.

ಬರಬೇಕಾದ ಸಂದರ್ಭವೂ ಹಾಗೇ ಇತ್ತು. ಅಂಗಿಯಕ್ಕನ ಗಂಡ ರೇಸ್ ಕ್ಲಬ್ಬಿನ ಹಿರಿಯ ಟ್ರೇನರ್. ಕುದುರೆಗಳ ಮೈ ತೊಳೆಯುವ ಕಟ್ಟೆಯ ಬಳಿ ಅವನು ಒಂದು ಕಂದು ಹೆಣ್ಣು ಕುದುರೆಯನ್ನು ಗೋಡೆಗೆ ಗಿಡ್ಡವಾಗಿ ಕಟ್ಟಿ, ನೀರಿನ ರಬ್ಬರ್ ಪೈಪನ್ನು ಮಡಚಿ ಹಿಡಿದು ಬಾರಿಸುತ್ತಿದ್ದುದನ್ನು ಯಾರೋ ಮರೆಯಿಂದ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿಬಿಟ್ಟಿದ್ದರು. ಪ್ರತಿ ಏಟಿಗೂ ಆ ಕುದುರೆ ತನ್ನ ಒಂದು ಹಿಂಗಾಲು ಎತ್ತುತ್ತಿತ್ತು. ಮೈಯೆಲ್ಲ ಕಂದು, ಆ ಕಾಲು ಮಾತ್ರ ಮೊಣಕಾಲಿನವರೆಗೆ ಬಿಳಿ. ಎರಡು ದಿನದಲ್ಲಿ ಊರಿನ ಜನ ಅದಕ್ಕೆ ಬಿಳಿಗಾಲಿ ಎಂದು ಹೆಸರಿಟ್ಟರು. ಕ್ಲಬ್ಬಿನ ಗೇಟಿನ ಮುಂದೆ ಮಕ್ಕಳು ಬಿಳಿಗಾಲಿಯ ಚಿತ್ರ ಬರೆದ ರಟ್ಟು ಹಿಡಿದು ನಿಂತವು.

ಕ್ಲಬ್ಬು ಕೂಡಲೇ ಹೇಳಿಕೆ ಕೊಟ್ಟಿತು: "ನಮ್ಮ ಕುದುರೆಗಳು ನಮಗೆ ಮಕ್ಕಳಿದ್ದಂತೆ." ಮಕ್ಕಳ ಮೇಲೆ ಬಾಜಿ ಕಟ್ಟಿಸುವ, ಕಾಲು ಮುರಿದ ಮಕ್ಕಳಿಗೆ ಪರದೆ ಅಡ್ಡ ಹಿಡಿದು ಗುಂಡು ಹೊಡೆಯುವ ತಂದೆತಾಯಿಯರನ್ನು ಅಂಗಿಯಕ್ಕ ಬೇರೆಲ್ಲೂ ಕಂಡಿರಲಿಲ್ಲ.

ಹೇಳಿಕೆಯಿಂದ ಜನ ತಣ್ಣಗಾಗಲಿಲ್ಲ. ವರ್ಷದ ದೊಡ್ಡ ಕಪ್ ರೇಸಿಗೆ ದುಡ್ಡು ಹಾಕುವ ಕಂಪನಿಯವರು ಮುಖ ತಿರುಗಿಸತೊಡಗಿದರು. ಆಗ ಕ್ಲಬ್ಬಿನ ಕಾರ್ಯದರ್ಶಿಯ ತಲೆಯಲ್ಲಿ ಈ ಉಪಾಯ ಹುಟ್ಟಿತು: ಟ್ರೇನರ್, ಅವನ ಹೆಂಡತಿ, ನಡುವೆ ಬಿಳಿಗಾಲಿ. ಅವನು ಅದಕ್ಕೆ ಗಜ್ಜರಿ ತಿನ್ನಿಸಬೇಕು, ಹೆಂಡತಿ ಪಕ್ಕದಲ್ಲಿ ನಿಂತು ಒಂದು ಮಾತು ಹೇಳಬೇಕು. ಆ ಮಾತನ್ನು ಪ್ರಚಾರದ ಹುಡುಗಿಯೇ ಸಿದ್ಧಮಾಡಿಕೊಂಡು ಬಂದಿದ್ದಳು.

"ಇಷ್ಟೇ ಆಂಟಿ. 'ಮನೆಯಲ್ಲಿ ಇವರು ಯಾವತ್ತೂ ಕೈ ಎತ್ತಿದವರಲ್ಲ.' ಹೇಳಿ ಸುಮ್ನೆ ಒಂದು ನಗು. ಜಾಸ್ತಿ ಬೇಡ, ಹಲ್ಲು ಕಾಣಬಾರದು."

"ನೀನು ವಿಡಿಯೋ ನೋಡಿದೆಯೇನಮ್ಮ?"

"ಮೊದಲು ಸ್ವಲ್ಪ ನೋಡಿದೆ. ಆಮೇಲೆ ಆಗಲ್ಲಪ್ಪ, ನಾನು ತುಂಬಾ ಸೆನ್ಸಿಟಿವ್," ಎಂದು ಹುಡುಗಿ ಎದೆ ಮುಟ್ಟಿಕೊಂಡಳು. ತಿಳಿನೀಲಿ ಬಟ್ಟೆಯನ್ನು ಮಂಚದ ಮೇಲೆ ಹರಡಿ, ಅದರ ಫೋಟೋ ತೆಗೆದು ಕಾರ್ಯದರ್ಶಿಗೆ ಕಳಿಸಿ ಹೊರಟುಹೋದಳು.

ಅವಳು ಅತ್ತ ಹೋಗುತ್ತಲೇ ಅತ್ತೆ ಇತ್ತ ಬಂದರು. "ಹೇಳಿಬಿಡಮ್ಮ ಆ ಒಂದು ಮಾತು. ಬಾಯಿ ಸವೆಯುತ್ತಾ? ಕ್ಲಬ್ಬಿನ ಮನೆ ಇದು. ಅವನ ಕೆಲಸ ಹೋದ ದಿನ ನಮ್ಮ ಪಾತ್ರೆ ಬೀದೀಲಿರುತ್ತೆ. ಅಷ್ಟಕ್ಕೂ ಅವನೇನು ಮನುಷ್ಯರಿಗೆ ಹೊಡೆದನಾ? ಕುದುರೆಗೆ ತಾನೇ?"

"ವಿಡಿಯೋ ನೀವು ನೋಡಿದ್ರಾ ಅತ್ತೆ?"

"ನಾನ್ಯಾಕೆ ನೋಡಲಿ? ಹೆತ್ತವಳಿಗೆ ಗೊತ್ತಿಲ್ವಾ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಮನೆಯಲ್ಲಿ, ಆ ಕ್ಲಬ್ಬಿನಲ್ಲಿ ಎಲ್ಲರೂ ಬೆಕ್ಕುಗಳೇ. ಇವರೆಲ್ಲರ ನಡುವೆ ವಿಡಿಯೋವನ್ನು ಪೂರ್ತಿ ನೋಡಿದವಳು ಅಂಗಿಯಕ್ಕ ಒಬ್ಬಳೇ ಇರಬೇಕು. ಹಿಂದಿನ ಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂತು, ದನಿ ಅಡಗಿಸಿ, ಮತ್ತೆ ಮತ್ತೆ ನೋಡಿದ್ದಳು. ಅವಳು ಕುದುರೆಯನ್ನಷ್ಟೇ ನೋಡಲಿಲ್ಲ, ಗಂಡನ ಮುಖ ನೋಡಿದಳು. ಅಲ್ಲಿ ಸಿಟ್ಟಾದರೂ ಇದ್ದಿದ್ದರೆ ಮನುಷ್ಯ ಎನ್ನಬಹುದಿತ್ತು. ಸಿಟ್ಟಿರಲಿಲ್ಲ. ಧೂಳು ಹಿಡಿದ ಕಂಬಳಿ ಕೊಡವುವವನ ಮುಖ. ನಡುವೆ ಒಮ್ಮೆ ಕೈ ನಿಲ್ಲಿಸಿ, ಯಾರಿಗೋ ಟೀ ತರಲು ಸನ್ನೆ ಮಾಡಿ, ಮತ್ತೆ ಶುರುಮಾಡಿದ್ದ.

ಆ ಮುಖ ಅವಳಿಗೆ ಹೊಸದಲ್ಲ. ಊಟದ ಮೇಜಿನಾಚೆ ದಿನವೂ ಕಾಣುವ ಮುಖವೇ. ಅವನು ಅವಳ ಮೇಲೆ ಕೈ ಎತ್ತಿದವನಲ್ಲ ಎಂಬುದು ನಿಜ. ಎತ್ತುವಷ್ಟು ಗಮನ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ನೀರು ಬೇಕಾದರೆ ಕುದುರೆಗೆ ಮಾಡುವ ಹಾಗೆ ನಾಲಿಗೆಯಲ್ಲಿ "ಟ್ಚ" ಎನ್ನುತ್ತಿದ್ದ. ಎರಡು ಸಲ ಎಂದರೆ ಉಪ್ಪು. ಅವಳು ಎದ್ದು ತಂದುಕೊಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇದನ್ನೇ ಅನ್ಯೋನ್ಯ ಎಂದುಕೊಂಡು ಗೆಳತಿಯರ ಮುಂದೆ ಹೇಳಿಕೊಂಡಿದ್ದಳು ಬೇರೆ, ದಡ್ಡಿ.

ಅವಳನ್ನು ಕೊರೆಯುತ್ತಿದ್ದದ್ದೂ ಅದೇ. ಹೇಳಬೇಕಾದ ಮಾತು ಸುಳ್ಳಾಗಿದ್ದರೆ ಆಗಲ್ಲ ಎಂದುಬಿಡುವುದು ಸುಲಭವಿತ್ತು. ಮಾತು ನಿಜವಾಗಿತ್ತು. ಆ ನಿಜವನ್ನು ಇಟ್ಟುಕೊಂಡು ಅವರು ಅವಳನ್ನು ಜಾಮೀನು ನಿಲ್ಲಿಸಲು ಹೊರಟಿದ್ದರು.

ಸಂಜೆ ಗಂಡ ಹಿಂದಿನ ಕೋಣೆಗೆ ಬಂದ. ಹೊಸ ಅಂಗಿಯ ಕಾಲರಿಗೆ ತೂಗುಬಿದ್ದಿದ್ದ ಬೆಲೆಚೀಟಿಯ ದಾರ ಕತ್ತರಿಸಲು ಅವಳ ಕತ್ತರಿ ಎತ್ತಿಕೊಂಡ. ಅದು ದಾರವನ್ನು ಕತ್ತರಿಸದೆ ಮಡಚಿತು.

"ಥೂ, ಮೊಂಡು ಕತ್ತರಿ. ಇದನ್ನಿಟ್ಟುಕೊಂಡು ಏನು ಕೆಲಸ ಮಾಡ್ತೀಯೋ."

ಅದು ಎಡಗೈಯವರಿಗೆಂದೇ ಮಾಡಿದ ಕತ್ತರಿ. ಅಂಗಿಯಕ್ಕ ಹುಟ್ಟಾ ಎಡಚಿ. ಅವಳ ಕೈಯಲ್ಲಿ ಅದು ರೇಷ್ಮೆಯನ್ನು ಬೆಣ್ಣೆಯ ಹಾಗೆ ಸೀಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಅವನು ಅದನ್ನು ಎತ್ತಿ, ಬೈದು, ಇಟ್ಟುಹೋಗಿದ್ದ. ಅವಳು ಕತ್ತರಿ ಇಸಿದುಕೊಂಡು ದಾರ ಕತ್ತರಿಸಿ ಕೊಟ್ಟಳು.

"ನಾಳೆ ಹೇಳ್ತೀಯ ತಾನೆ?"

"ಕುದುರೆಗೆ ಯಾಕೆ ಹೊಡೆದ್ರಿ?"

ಅವನು ನಿಜಕ್ಕೂ ನೆನಪಿಸಿಕೊಳ್ಳಲು ನೋಡಿದ. "ಯಾವುದಕ್ಕೋ. ಮೈ ತೊಳೆಯೋಕೆ ನಿಲ್ತಿರಲಿಲ್ಲ ಅನಿಸುತ್ತೆ. ಅದೆಲ್ಲ ಈಗ್ಯಾಕೆ? ಹೇಳ್ತೀಯೋ ಇಲ್ವೋ?"

"ಬರ್ತೀನಿ," ಎಂದಳು ಅಂಗಿಯಕ್ಕ. ಬರುತ್ತೇನೆ ಎಂದಳೇ ಹೊರತು ಹೇಳುತ್ತೇನೆ ಎನ್ನಲಿಲ್ಲ. ಅವನಿಗೆ ಅಷ್ಟು ಸೂಕ್ಷ್ಮ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಲಾಯದ ಅಂಗಳ ಮದುವೆಮನೆಯ ಹಾಗಿತ್ತು. ಲದ್ದಿ ಬಾಚಿಸಿ ಮರಳು ಹಾಸಿದ್ದರು. ರಬ್ಬರ್ ಪೈಪುಗಳನ್ನೆಲ್ಲ ಸುತ್ತಿ ಎಲ್ಲೋ ಬಚ್ಚಿಟ್ಟಿದ್ದರು. ಕಾರ್ಯದರ್ಶಿ ಬೂಟಿಗೆ ಮರಳು ತಾಗದಂತೆ ಮೆಟ್ಟಿಲ ಮೇಲೆಯೇ ನಿಂತಿದ್ದ. ಅವನಿಗೆ ಕುದುರೆಗಳು ನಂಬರಿನಿಂದ ಗೊತ್ತು, ಹತ್ತಿರದಿಂದ ಗೊತ್ತಿಲ್ಲ. ಪತ್ರಿಕೆಯವರು, ಟಿವಿಯವರು ಇನ್ನೂ ಬಂದಿರಲಿಲ್ಲ. ಅಂಗಿಯಕ್ಕ ತಿಳಿನೀಲಿಯಲ್ಲಿ ಒಂದು ಕಂಬದ ಪಕ್ಕ ನಿಂತಳು.

ಲಾಯದ ಮುದುಕ ಬಿಳಿಗಾಲಿಯನ್ನು ಹಿಡಿದುಕೊಂಡು ಬಂದ. ಆ ಲಾಯದಲ್ಲೇ ತಲೆ ನರೆತವನು, ಕುದುರೆಗಳ ಹಾಗೆ ಅಗತ್ಯ ಬಿದ್ದಾಗ ಮಾತ್ರ ಸದ್ದು ಮಾಡುವವನು. ಟ್ರೇನರ್ ಗಜ್ಜರಿ ಹಿಡಿದು, ಫೋಟೋಕ್ಕೆಂದು ಕಲಿತಿದ್ದ ನಗು ನಗುತ್ತ ಮುಂದೆ ಬಂದ. ಬಿಳಿಗಾಲಿ ಅವನನ್ನು ನೋಡಿತು. ಒದೆಯಲಿಲ್ಲ, ಕೆನೆಯಲಿಲ್ಲ. ಹಿಂದೆ ಸರಿದು ಗೋಡೆಗೆ ಮೈ ಒತ್ತಿ ನಿಂತು, ನಡುಗುತ್ತ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಅಯ್ಯೋ, ಇದು ಫೋಟೋಕ್ಕೆ ಬರಲ್ಲ!" ಎಂದಳು ಪ್ರಚಾರದ ಹುಡುಗಿ.

"ಇನ್ನೊಂದಿದೆಯಲ್ಲ, ಕೊನೇ ಕೋಣೇದು," ಎಂದ ಟ್ರೇನರ್. "ಅದೂ ಕಂದೇ. ಸಾಧು. ಕಾಲಿಗೆ ಒಂದಿಷ್ಟು ಬಿಳಿ ಮೆತ್ತಿದರೆ ಹೆತ್ತ ತಾಯಿಗೂ ಗೊತ್ತಾಗಲ್ಲ."

ಮೆಟ್ಟಿಲ ಮೇಲಿನಿಂದ ಕಾರ್ಯದರ್ಶಿ, "ನಾನು ಏನೂ ಕೇಳಿಸಿಕೊಳ್ಳಲಿಲ್ಲ, ಬೇಗ ಮುಗಿಸಿ," ಎಂದ.

ಬಿಳಿಗಾಲಿ ಒಳಗೆ ಹೋಯಿತು, ಸಾಧು ಕುದುರೆ ಹೊರಗೆ ಬಂತು. ಮುದುಕ ಸುಣ್ಣದ ಪುಡಿ ಕಲಸಿದ ಡಬ್ಬಿ, ಬ್ರಶ್ಶು ಹಿಡಿದು ಕುದುರೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ.

"ಯಾವ ಕಾಲು ಸಾಹೇಬ್ರೆ?"

ಟ್ರೇನರ್ ಫೋನಿನ ಕನ್ನಡಿಯಲ್ಲಿ ಕಾಲರ್ ಸರಿಮಾಡಿಕೊಳ್ಳುತ್ತಿದ್ದ. "ಬಲಗಾಲು. ಇಷ್ಟು ವರ್ಷ ಲದ್ದಿ ಎತ್ತಿದ್ದೀಯ, ಅಷ್ಟೂ ಗೊತ್ತಿಲ್ವಾ ನಿಂಗೆ?"

ಮುದುಕನ ಬ್ರಶ್ಶು ಗಾಳಿಯಲ್ಲೇ ನಿಂತಿತು. ಅವನು ತಲೆ ಎತ್ತಿ ಅಂಗಿಯಕ್ಕನ ಕಡೆ ನೋಡಿದ.

ಎಡಗಾಲು. ಕಣ್ಣು ಮುಚ್ಚಿದರೂ ಅವಳಿಗೆ ಆ ಎಡಗಾಲು ಏಳುವುದು, ಇಳಿಯುವುದು, ಏಳುವುದು ಕಾಣುತ್ತಿತ್ತು. ಊರಿನ ಮಕ್ಕಳೂ ಎಡಗಾಲನ್ನೇ ಬಿಳಿ ಬಿಟ್ಟು ಉಳಿದದ್ದಕ್ಕೆ ಬಣ್ಣ ಹಚ್ಚಿದ್ದವು. ಆ ಕಾಲಿನ ಮೇಲೆ ಬಾರಿಸಿದವನಿಗೆ ಮಾತ್ರ ಅದು ಯಾವ ಕಾಲು ಎಂದು ಗೊತ್ತಿರಲಿಲ್ಲ.

"ಆಂಟಿ, ಸರಿ ಇದೆಯಾ ನೋಡಿ," ಎಂದಳು ಹುಡುಗಿ. "ಬಣ್ಣದ ವಿಷಯ ನಿಮಗೆ ಗೊತ್ತಾಗುತ್ತೆ."

ಒಂದು ಮಾತು ಸಾಕಿತ್ತು. ಆ ಮಾತಿಗೆ ಮನೆ ಉಳಿಯುತ್ತಿತ್ತು, ಹಿಂದಿನ ಕೋಣೆ ಉಳಿಯುತ್ತಿತ್ತು, ಕ್ಲಬ್ಬಿನ ಅಂಗಿಗಳು ಉಳಿಯುತ್ತಿದ್ದವು. ನೀರೂ ಉಪ್ಪೂ ಉಳಿಯುತ್ತಿದ್ದವು. ಅಂಗಿಯಕ್ಕ ಮುದುಕನನ್ನೇ ನೋಡುತ್ತ ಹೇಳಿದಳು: "ನನ್ನನ್ಯಾಕೆ ಕೇಳ್ತೀಯಮ್ಮ? ಕುದುರೆಗಳು ಅವರ ಮಕ್ಕಳು. ಅವರಿಗೆ ಗೊತ್ತಿರಲ್ವಾ?"

ಮುದುಕ ತಲೆ ತಗ್ಗಿಸಿ, ಬಲಗಾಲಿಗೆ ಬಹಳ ಶ್ರದ್ಧೆಯಿಂದ ಬಿಳಿ ಬಳಿದ. ಇಷ್ಟು ಚೊಕ್ಕಟವಾದ ಕೆಲಸವನ್ನು ಅವನು ಆ ಲಾಯದಲ್ಲಿ ಹಿಂದೆಂದೂ ಮಾಡಿರಲಾರ.

ಕ್ಯಾಮೆರಾದವರು ಬಂದರು. ಸಾಧು ಕುದುರೆ ಗಜ್ಜರಿ ತಿಂದಿತು, ಇನ್ನೊಂದು ಕೇಳಿತು. ಟಿವಿಯ ಹೆಣ್ಣುಮಗಳು ಮೈಕನ್ನು ಅಂಗಿಯಕ್ಕನ ಮುಂದೆ ಹಿಡಿದಳು. "ಮನೆಯಲ್ಲಿ ಹೇಗೆ ಮೇಡಂ ಇವರು?"

ಪ್ರಚಾರದ ಹುಡುಗಿ ಕ್ಯಾಮೆರಾದ ಹಿಂದಿನಿಂದ ತುಟಿ ಆಡಿಸಿ ಮಾತು ನೆನಪಿಸಿದಳು. ಅಂಗಿಯಕ್ಕ ಹಲ್ಲು ಕಾಣದಂತೆ ನಕ್ಕಳು. "ಮನೆ ವಿಷಯ ಯಾಕಮ್ಮ? ಬಂದಿರೋದು ಕುದುರೆ ವಿಷಯಕ್ಕೆ. ಅವರನ್ನೇ ಕೇಳಿ."

ಕೇಳುವುದೇ ತಡ, ಟ್ರೇನರ್ ಮೈಕಿನ ಕಡೆ ಎದೆ ತಿರುಗಿಸಿದ. ಹೊಗಳಿಕೆಯ ವಾಸನೆ ಬಡಿದರೆ ಅವನಿಗೆ ಲಗಾಮು ಹಾಕುವವರಿಲ್ಲ. "ಇದರ ಮೈಮೇಲಿನ ಒಂದೊಂದು ಕೂದಲೂ ನನಗೆ ಗೊತ್ತು. ಹುಟ್ಟಿದಾಗ ಎತ್ತಿಕೊಂಡದ್ದು ನಾನೇ. ನೋಡಿ ಈ ಬಿಳಿ ಕಾಲು," ಎಂದು ಬಾಗಿ, ಬಲಗಾಲಿನತ್ತ ಬೆರಳು ತೋರಿಸಿ, ಕ್ಯಾಮೆರಾ ಅಲ್ಲಿಗೇ ಬರುವ ತನಕ ಕಾದ. "ಈ ಕಾಲೇ ನನ್ನ ಅದೃಷ್ಟ. ಸಾವಿರ ಕುದುರೆ ನಡುವೆ ನಿಲ್ಲಿಸಿ, ಗುರುತು ಹಿಡೀತೀನಿ."

ಮಧ್ಯಾಹ್ನದೊಳಗೆ ಊರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿತ್ತು. ಪೈಪಿನ ಮುಂದೆ ಎತ್ತಿದ ಎಡಗಾಲು, ಗಜ್ಜರಿಯ ಮುಂದೆ ಊರಿದ ಬಲಗಾಲು. ಸಂಜೆಗೆ ಯಾರೋ ಗೇಟಿಗೆ ಒಂದು ಡಬ್ಬಿ ಸುಣ್ಣ ನೇತುಹಾಕಿ ಹೋಗಿದ್ದರು. ಮೊದಲು ಸಿಟ್ಟಾಗಿದ್ದ ಜನ ಈಗ ನಗತೊಡಗಿದರು. ಸಿಟ್ಟು ಕಾಲ ಕಳೆದರೆ ತಣಿದೀತು, ನಗುವಿಗೆ ಮದ್ದಿಲ್ಲ. ಕುದುರೆಗೆ ಹೊಡೆದಾಗ ವಿಚಾರಣೆ ಮಾಡೋಣ ಎಂದು ವಾರ ದೂಡಿದ್ದ ಕ್ಲಬ್ಬು, ತಾನು ನಗೆಪಾಟಲಾದ ಮರುದಿನವೇ ಅವನನ್ನು ಕೆಲಸದಿಂದ ತೆಗೆದುಹಾಕಿತು. "ಪ್ರಾಣಿಹಿಂಸೆಯನ್ನು ನಾವು ಎಂದಿಗೂ ಸಹಿಸುವುದಿಲ್ಲ" ಎಂದು ಇನ್ನೊಂದು ಹೇಳಿಕೆ ಬಂತು. ಬರೆದವಳು ಅದೇ ಹುಡುಗಿ.

ಮನೆ ಖಾಲಿ ಮಾಡುವ ದಿನ ಅತ್ತೆ ಗೋಡೆಗೊರಗಿ ಕೂತು, ಮಗನನ್ನು ಬಿಟ್ಟು ಮಿಕ್ಕೆಲ್ಲರನ್ನೂ ಬೈದರು. ತಾಯಿ, ಮಗ ಇಬ್ಬರೂ ಮೈದುನನ ಮನೆಗೆ ಹೋಗುವುದೆಂದಾಗಿತ್ತು; ಅಂಗಿಯಕ್ಕನೂ ಹಿಂದೆಯೇ ಬರುತ್ತಾಳೆ ಎಂದು ಅವರ ಎಣಿಕೆ. ಅಂಗಿಯಕ್ಕ ಹಿಂದಿನ ಕೋಣೆಯಲ್ಲಿ ತನ್ನ ಬಟ್ಟೆಯ ತುಂಡುಗಳನ್ನು ಕಟ್ಟುತ್ತಿದ್ದಳು. ಬೀದಿಯ ಕೊನೆಗೆ ಬೇಕರಿಯ ಮೇಲೊಂದು ಕೋಣೆಯನ್ನು ಅವಳು ನೋಡಿಬಂದಿದ್ದಳು. ಕ್ಲಬ್ಬು ಇಲ್ಲದಿದ್ದರೆ ಶಾಲೆಗಳಿವೆ, ಬ್ಯಾಂಡಿನವರಿದ್ದಾರೆ. ಬಣ್ಣದ ಅಂಗಿ ತೊಡುವ ಜನಕ್ಕೇನು ಬರವೇ?

ಗಂಡ ಬಾಗಿಲಲ್ಲಿ ಬಂದು ನಿಂತ. "ನಿನಗೆ ಗೊತ್ತಿತ್ತಲ್ವಾ, ಎಡಗಾಲು ಅಂತ?"

"ಗೊತ್ತಿತ್ತು."

"ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?"

"ಕಾಲು ಯಾವುದು ಅಂತ ಮುದುಕ ಕೇಳಿದ್ದು ನಿಮ್ಮನ್ನ."

ಅವನು ಹಲ್ಲು ಕಡಿದ. ಮತ್ತೆ, ಇನ್ನು ಅದರಿಂದ ಲಾಭವಿಲ್ಲ ಎನಿಸಿತೇನೋ, ದನಿ ಇಳಿಸಿದ. "ಆಯ್ತು, ಆದದ್ದಾಯ್ತು. ಗಾಡಿ ಬಂತು, ಹೊರಡು." ಅವಳು ಕದಲಲಿಲ್ಲ. ಅವನು ಅಭ್ಯಾಸಬಲದಿಂದ "ಟ್ಚ" ಎಂದ.

ಅಂಗಿಯಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲ ಮೇಲೆ ಹರಡಿ, ಎರಡೂ ಕೈಗಳನ್ನು ಅದರಡಿಗೆ ಸರಿಸಿದಳು.

"ಒಂದು ಕೇಳ್ತೀನಿ. ಸರಿಯಾಗಿ ಹೇಳಿದ್ರೆ ಈಗಲೇ ಎದ್ದು ಗಾಡಿ ಹತ್ತುತ್ತೀನಿ. ಇಪ್ಪತ್ತು ವರ್ಷದಿಂದ ಇದೇ ಜಾಗದಲ್ಲಿ ನಿಮ್ಮ ಕಣ್ಣೆದುರೇ ಬಟ್ಟೆ ಕತ್ತರಿಸ್ತಿದ್ದೀನಿ. ಯಾವ ಕೈಯಲ್ಲಿ?"

"ಇದೆಂಥ ತಲೆಹರಟೆ?"

"ಹೇಳಿ."

ಅವನು ಅವಳ ಮುಖ ನೋಡಿದ. ಮಡಿಲ ಮೇಲಿನ ಬಟ್ಟೆ ನೋಡಿದ. ಮೇಜಿನ ಮೇಲಿದ್ದ ಕತ್ತರಿಯನ್ನೂ ನೋಡಿದ. ಅದು ಅವನಿಗೆ ಈಗಲೂ ಒಂದು ಮೊಂಡು ಕತ್ತರಿ. ಆಮೇಲೆ, ಕ್ಯಾಮೆರಾದ ಮುಂದೆ ಇದ್ದ ಅದೇ ಧೈರ್ಯದಲ್ಲಿ ಹೇಳಿದ:

"ಬಲಗೈಯಲ್ಲಿ. ಇನ್ಯಾವುದರಲ್ಲಿ?"

ಅಂಗಿಯಕ್ಕ ನಕ್ಕಳು. ಈ ಸಲ ಹಲ್ಲು ಕಂಡವು. ಬಟ್ಟೆಯಡಿಯಿಂದ ಎಡಗೈ ತೆಗೆದು, ಕತ್ತರಿ ಎತ್ತಿಕೊಂಡು, ಗಂಟಿಗೆ ಬೇಕಾದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿದಳು.

"ಗಾಡಿ ಕಾಯ್ತಿದೆ," ಎಂದಳು. "ಅತ್ತೆಯನ್ನ ಹುಷಾರಾಗಿ ಕೂರಿಸಿ. ಅವರಿಗೆ ಎಡ ಮೊಣಕಾಲು ನೋವು. ಅಂದಹಾಗೆ, ಅದು ಎಡಗಾಲು, ಮರೀಬೇಡಿ."