ಬಿಸಿ ಬೆಸುಗೆಗೆ ತಣ್ಣೀರು ಹೊಯ್ದ ಮುರುಗೇಂದ್ರಪ್ಪ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಾಲೀಕ ಮುರುಗೇಂದ್ರಪ್ಪನವರಿಗೆ ಕಾಯುವುದೆಂದರೆ ಆಗದು. ಶೇಂಗಾ ಮೂಟೆಗಳು ಬಾಗಿಲವರೆಗೂ ತುಂಬಿದ್ದ ದಿನವೇ, ಗಾಣದ ದೊಡ್ಡ ಗಾಲಿ ಹೊತ್ತಿದ್ದ ಎರಕದ ಉಕ್ಕಿನ ತೋಳು ಬಿರುಕು ಬಿಟ್ಟಿತು.

ವೆಲ್ಡರ್ ಬಾಲರಾಜ್ ಬಂದು ತಲೆ ಕೆರೆದುಕೊಂಡ. "ಸಾವ್ಕಾರ್ರೇ, ಇದು ಮಾಮೂಲಿ ಕಬ್ಬಿಣ ಅಲ್ಲ ಅನ್ಸುತ್ತೆ. ತಿಳಿದೋರ್ನ ಕೇಳಾಣ."

"ಕಬ್ಬಿಣ ಅಂದ್ರೆ ಕಬ್ಬಿಣ ಕಣಲೇ! ಅಂಟ್ಸು!"

ಬಾಲರಾಜ್ ಅಂಟಿಸಿದ. ಕಾದ ಬೆಸುಗೆಯ ಮೇಲೆ ಮುರುಗೇಂದ್ರಪ್ಪ ತಾವೇ ಒಂದು ಬಕೆಟ್ ನೀರು ಸುರಿದರು. ಚುಂಯ್ ಎಂದಿತು. ಆಮೇಲೆ ಒಳಗೆಲ್ಲೋ 'ಟಣ್' ಎಂದಿತು.

"ಗಂಟೆ ಬಾರಿಸ್ತು ನೋಡು. ಶುಭ!" ಎಂದರು.

ಗಾಣ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಬೆಸುಗೆಯ ಪಕ್ಕದಲ್ಲೇ ತೋಳು ಮುರಿದು, ಗಾಲಿ ಹಿಂಡಿಯ ರಾಶಿಗೆ ದಡಾರನೆ ಬಿತ್ತು. ಆ ರಾಶಿಯ ಪಕ್ಕ ಕೂತಿದ್ದ ಮುರುಗೇಂದ್ರಪ್ಪನವರ ಹೆಂಡತಿ ತಿಪ್ಪೇರುದ್ರಮ್ಮ ಆಗತಾನೇ ಅಲ್ಲಿಂದ ಎದ್ದಿದ್ದರು. ಮುರುಗೇಂದ್ರಪ್ಪನವರ ಮೀಸೆಯ ತುಂಬ ಹಿಂಡಿಪುಡಿ ಮೆತ್ತಿಕೊಂಡಿತು.

ನನ್ನಿವಾಳದಿಂದ ಶೇಂಗಾ ತಂದು ಸರದಿಯಲ್ಲಿ ಕೂತಿದ್ದ ಮಂಗಳಗೌರಿ ಎದ್ದು ಬಂದರು. ಅವರು ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವವರು.

"ಇದ್ರಲ್ಲಿ ಒಂಚೂರು ಕ್ರೋಮಿಯಂ, ಮಾಲಿಬ್ಡಿನಂ ಅನ್ನೋ ಲೋಹ ಬೆರೆಸಿರ್ತಾರೆ. ಗಟ್ಟಿ ಉಕ್ಕು. ಆದ್ರೆ ಬೆಸುಗೆ ಬೇಗ ತಣ್ಣಗಾದ್ರೆ ಪಕ್ಕದ ಭಾಗ ಗಾಜಿನಂಗೆ ಪೆಡಸಾಗಿ ಸೀಳುತ್ತೆ. ವೆಲ್ಡಿಂಗ್ ರಾಡಿಗೆ ತೇವ ಹತ್ತಿದ್ರೂ ಅಷ್ಟೇ."

"ಮತ್ತೇನು ಮಾಡಾಣ ಮೇಡಂ?" ಎಂದು ಕೇಳಿದ ಬಾಲರಾಜ್.

"ಬಾಣಂತಿ ಥರ ನೋಡ್ಕಳ್ರಿ. ಬೆಸುಗೆಗೆ ಮುಂಚೆನೂ ಬೆಚ್ಚಗಿರ್ಬೇಕು, ಆಮೇಲೂ ಬೆಚ್ಚಗಿರ್ಬೇಕು."

"ಕಬ್ಬಿಣಕ್ಕೆ ಬಾಣಂತನವಾ!" ಎಂದರು ಮುರುಗೇಂದ್ರಪ್ಪ.

"ನನ್ನ ಬಾಣಂತನಕ್ಕೇ ಇವ್ರು ಅವಸರ ಮಾಡಿದ್ರು" ಎಂದರು ತಿಪ್ಪೇರುದ್ರಮ್ಮ. "ಈಗ ನನ್ನ ಜೀವಾನೇ ಹೋಗ್ತಿತ್ತು. ಮೇಡಂ ಹೇಳ್ದಂಗೆ ಕೇಳ್ರಿ."

ಮಂಗಳಗೌರಿ ಯಂತ್ರ ಮಾಡಿದವರಿಗೆ ಫೋನ್ ಮಾಡಿ, ಉಕ್ಕು ಯಾವುದು, ಎಷ್ಟು ಶಾಖ ಬೇಕು ಎಂದು ಬರೆದುಕೊಂಡರು. ಬಾಲರಾಜ್ ಹಳೆಯ ಬಿರುಕನ್ನು ಪೂರಾ ಉಜ್ಜಿ ತೆಗೆದ. ತೋಳನ್ನು ಗ್ಯಾಸ್ ಉರಿಯಲ್ಲಿ ನಿಧಾನ ಕಾಯಿಸಿ, ಓವನ್ನಿನಲ್ಲಿ ಒಣಗಿಸಿದ ರಾಡಿನಿಂದ ಬೆಸೆದು, ಶಾಖ ತಡೆಯುವ ಕಂಬಳಿ ಹೊದಿಸಿದ.

ಮುರುಗೇಂದ್ರಪ್ಪ ಎರಡು ಸಲ ಕಂಬಳಿ ಎತ್ತಿ ಇಣುಕಿದರು. ಎರಡು ಸಲವೂ ತಿಪ್ಪೇರುದ್ರಮ್ಮ ಕೈ ಮೇಲೆ ಹೊಡೆದರು. ಮೂರನೇ ಸಲ ಮುರುಗೇಂದ್ರಪ್ಪನವರೇ ಕಾವಲು ಕೂತು, ಜೋರಾಗಿ ಮಾತಾಡುವ ಗಿರಾಕಿಗಳಿಗೆ "ಶ್ಶ್! ಮಲಗೈತೆ" ಎನ್ನತೊಡಗಿದರು.

ಮರುದಿನ, ಬೆಸುಗೆಯ ಪಕ್ಕದ ಪೆಡಸು ಬಿಡಿಸಲು, ತೋಳು ಎರಕದ ಕಾರ್ಖಾನೆಯ ಕುಲುಮೆಗೆ ಹೋಯಿತು. ಅಲ್ಲಿ ಯಂತ್ರ ಮಾಡಿದವರು ಹೇಳಿದಷ್ಟು ಶಾಖದಲ್ಲಿ, ಹೇಳಿದಷ್ಟು ಹೊತ್ತು ಇಟ್ಟು, ನಿಧಾನ ತಣಿಸಿ, ಸಣ್ಣ ಬಿರುಕನ್ನೂ ಎತ್ತಿ ತೋರಿಸುವ ಬಣ್ಣದ ದ್ರಾವಣ ಹಚ್ಚಿ, ಬಿರುಕಿಲ್ಲವೆಂದು ನೋಡಿ ಕಳಿಸಿದರು. ಗಾಣ ತಿರುಗಿತು. ಮೊದಲ ಡಬ್ಬಿ ಎಣ್ಣೆ ಮಂಗಳಗೌರಿಯವರಿಗೇ ಸಿಕ್ಕಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಿಲ್ಲಿನಲ್ಲೋ ಟ್ರ್ಯಾಕ್ಟರಿನಲ್ಲೋ ಎರಕದ ಉಕ್ಕು ಸೀಳಿದರೆ, ಅದು ಯಾವ ಉಕ್ಕೆಂದು ಮೊದಲು ವಿಚಾರಿಸಿ. ತಿಳಿದ ವೆಲ್ಡರ್ "ಕಾಯಬೇಕು" ಎಂದರೆ ಕಾಯಿರಿ. ಮುರಿದ ಎರಕದ ಬದಲು ಇನ್ನೊಂದು ತರಬಹುದು. ಅದರ ಪಕ್ಕ ಕೂತವರನ್ನು ಎಲ್ಲಿಂದ ತರುತ್ತೀರಿ?