ಓದದೆ ಬಿಟ್ಟ ಸಾಲು

ಬನಹಟ್ಟಿಯ ಆ ಮನೆಯಲ್ಲಿ ಹಗಲು ಹೊತ್ತು ಎರಡೂ ಮಗ್ಗ ನಿಂತದ್ದನ್ನು ಶಂಕ್ರೆವ್ವ ಕಂಡಿರಲಿಲ್ಲ. ಅವಳ ಹೊಟ್ಟೆಯಲ್ಲಿದ್ದ ಮೂರು ತಿಂಗಳ ಪಿಂಡ ಉಳಿಯದೆ ಹೋದ ದಿನವೂ ಒಳಗೆ ಮಲಗಿ ಲಾಳಿಯ ಸಪ್ಪಳ ಕೇಳಿದ್ದಳು. ಈಗ ನೆಗೆಣ್ಣಿ ಕಸ್ತೂರೆವ್ವ ಓದಲು ಕೂತರೆ ಸಾಕು, ದಿನಾ ಮಧ್ಯಾಹ್ನ ಎರಡು ತಾಸು ಮಗ್ಗಗಳ ಬಾಯಿ ಮುಚ್ಚುತ್ತಿತ್ತು. ಮುಚ್ಚಿಸಿದವಳು ಅತ್ತೆ ತಾಯವ್ವ.

ಹಿರಿ ಸೊಸೆ ಕಸ್ತೂರೆವ್ವ ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಪಾಸು ಮಾಡಿದ್ದಳು. ಲೈಸೆನ್ಸು ಮಾಡಿಸುವುದರೊಳಗೆ ಮದುವೆ, ಎರಡು ಹೆರಿಗೆ. ಹದಿಮೂರು ವರ್ಷ ಸರ್ಟಿಫಿಕೇಟು ಟ್ರಂಕಿನಲ್ಲೇ ಮಲಗಿತು. ಪಾಸಾಗಿ ಇಷ್ಟು ವರ್ಷ ಕೆಲಸ ಮಾಡದವರು ಮತ್ತೆ ಪರೀಕ್ಷೆಗೆ ಕೂರಬೇಕೆಂದು ಕಾಗದ ಬಂದಿತ್ತು. ಪಾಸಾದರೆ ಬೀಳಗಿ ದವಾಖಾನೆಯಲ್ಲಿ ನೌಕರಿ. ಪರೀಕ್ಷೆಗೆಂದು ಜಮಖಂಡಿಗೆ ಬರುವಾಗ ಕೈಗೆ ಬಟ್ಟೆಯ ಪಟ್ಟಿ ಕಟ್ಟಿ ತೋರಿಸಲು ಒಬ್ಬ ಹೆಣ್ಣುಮಗಳನ್ನೂ ಕರೆತರಬೇಕೆಂದು ಅದರಲ್ಲಿತ್ತು.

ಆ ಹೆಣ್ಣುಮಗಳು ಶಂಕ್ರೆವ್ವನೇ ಎಂದು ಕಸ್ತೂರೆವ್ವ ಮೊದಲ ದಿನವೇ ಹೇಳಿಬಿಟ್ಟಳು. ಐದನೇ ಇಯತ್ತೆಗೆ ಸಾಲಿ ಬಿಡಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದ್ದ ಶಂಕ್ರೆವ್ವನಿಗೆ ಕನ್ನಡ ಓದಲು ಬರುತ್ತಿತ್ತು. ಹೀಗಾಗಿ ಕಸ್ತೂರೆವ್ವ ಕಲಿಯುವಾಗ ಕನ್ನಡದಲ್ಲಿ ಬರೆದಿಟ್ಟ ಹಳೆಯ ನೋಟುಬುಕ್ಕು ಅವಳ ಮಡಿಲಿಗೆ ಬಿತ್ತು. ಅವಳು ಓದಬೇಕು, ಕಸ್ತೂರೆವ್ವ ಕಣ್ಣುಮುಚ್ಚಿ ಕೇಳಿ ಒಪ್ಪಿಸಬೇಕು. ಆಮೇಲೆ ಶಂಕ್ರೆವ್ವನ ಕೈಗೆ ಪಟ್ಟಿ.

ಕಸ್ತೂರೆವ್ವ ಮರೆತದ್ದನ್ನು ಶಂಕ್ರೆವ್ವ ಓದಿ ಓದಿ ನೆನಪಿಟ್ಟಳು. ನಾಡಿ ಎಷ್ಟು, ಜ್ವರ ಎಷ್ಟು, ಸೂಜಿ ಎಷ್ಟು ಹೊತ್ತು ಕುದಿಸಬೇಕು, ಎಲ್ಲ ಬಾಯಿಗೆ ಬಂತು. ಬಂದು ಏನು ಉಪಯೋಗ? ಬಾದಾಮಿ ಹಾಕಿದ ಹಾಲು ಅಕ್ಕನಿಗೆ. ‘ಅಕಿ ತಲಿಗೆ ತ್ರಾಸ ಐತಿ’ ಅಂತ ಅತ್ತೆ ಅಂದು, ತಿಕ್ಕುವ ಭಾಂಡಿ ಶಂಕ್ರೆವ್ವನಿಗೆ. ಎಲ್ಲರನ್ನೂ ‘ಲೇ’ ಎನ್ನುವ ಅತ್ತೆ ಹಿರಿಸೊಸೆಯನ್ನು ಈಗ ‘ನರ್ಸಬಾಯಿ’ ಎಂದು ಕರೆಯುತ್ತಿದ್ದಳು, ತಮಾಷೆಗಲ್ಲ. ಆ ಹೆಸರು ಕೇಳಿದಾಗಲೆಲ್ಲ ಶಂಕ್ರೆವ್ವನ ಎದೆಯಲ್ಲಿ ಹಸಿಮೆಣಸಿನಕಾಯಿ ಜಜ್ಜಿದಂತಾಗುತ್ತಿತ್ತು.

ಪಟ್ಟಿಯ ತುದಿಯನ್ನು ಹೇಗೆ ಗಂಟು ಹಾಕಬೇಕೆಂಬುದು ಒಂದು ದಿನ ಕಸ್ತೂರೆವ್ವನಿಗೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬುಕ್ಕಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು. ಇತ್ತು. ಗಂಟು ಚಪ್ಪಟೆಯಾಗಿರಬೇಕು, ಎಳೆದ ಕೂಡಲೇ ಬಿಚ್ಚಬೇಕು, ಇಲ್ಲವಾದರೆ ರೋಗಿಯ ಕೈಗೆ ಅಪಾಯ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಶಂಕ್ರೆವ್ವ ಆ ಸಾಲನ್ನು ಕಣ್ಣಲ್ಲಿ ಓದಿ ಹಾಳೆ ಮಗುಚಿದಳು.

‘ಏನೂ ಬರದಿಲ್ರಿ ಅಕ್ಕ,’ ಅಂದಳು.

ಹಾಗಾದರೆ ಎಳೆ ಹರಿದಾಗ ನೀನು ಹಾಕುತ್ತೀಯಲ್ಲ, ಅದನ್ನೇ ಕಲಿಸು ಎಂದಳು ಕಸ್ತೂರೆವ್ವ. ಮಗ್ಗದ ಆ ಗಂಟು ಕಾಳಿನಷ್ಟು ಸಣ್ಣದು; ಜಗ್ಗಿದಷ್ಟೂ ಬಿಗಿಯುತ್ತದೆ, ಬಿಚ್ಚುವುದಿಲ್ಲ. ಬಿಚ್ಚಿದರೆ ಸೀರೆ ಹಾಳು. ಶಂಕ್ರೆವ್ವ ಕಲಿಸಿದಳು. ತನ್ನ ಬೆರಳುಗಳಂತೆ ಅಕ್ಕನ ಬೆರಳು ಓಡದ್ದನ್ನು ಕಂಡು ಅವಳಿಗೆ ಬಾದಾಮಿ ಹಾಲು ಕುಡಿದಷ್ಟು ತಂಪಾಯಿತು. ಎಂಟು ದಿನ ಅದೇ ಗಂಟು ನಡೆಯಿತು. ಪ್ರತಿ ಸಲ ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕಸ್ತೂರೆವ್ವ ಶಂಕ್ರೆವ್ವನ ಮೊಣಕೈಗೆ ಬಿಗಿಯಾಗಿ ಪಟ್ಟಿ ಕಟ್ಟಿ ಗಂಟು ಹಾಕಿದಳು. ಅಷ್ಟರಲ್ಲಿ ಸಣ್ಣ ಮಗ ಅಂಗಳದಲ್ಲಿ ಬಿದ್ದು ಅತ್ತ. ಅವಳು ಓಡಿಹೋದವಳು ಅವನನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ಬಹಳ ಹೊತ್ತಾಯಿತು. ಶಂಕ್ರೆವ್ವನ ಬೆರಳು ಜುಮ್ಮೆಂದವು, ಬಾತವು, ನೀಲಿಗಟ್ಟಿದವು. ಒಂದು ಕೈಯಿಂದ ಬಿಚ್ಚಲಾಗಲಿಲ್ಲ, ಹಲ್ಲಿಗೂ ಸಿಗಲಿಲ್ಲ, ಕತ್ತರಿ ಎಲ್ಲಿಟ್ಟಿದ್ದರೋ ಕಾಣಲಿಲ್ಲ. ಕೂಗಿದರೆ ಯಾಕೆ ಹೀಗಾಯಿತೆಂಬ ಮಾತು ಬರುತ್ತದಲ್ಲ ಎಂದು ಹಲ್ಲು ಕಚ್ಚಿ ಕೂತಳು.

ಕಸ್ತೂರೆವ್ವ ಬಂದು ನೋಡಿದ್ದೇ ಕತ್ತರಿ ಹುಡುಕಿ ಪಟ್ಟಿ ಸೀಳಿ ತೆಗೆದಳು. ಉಗುರು ಒತ್ತಿದಳು, ಬೆರಳು ಒಂದೊಂದಾಗಿ ತಿಕ್ಕಿದಳು.

‘ಪರೀಕ್ಷಾ ಹಾಳಾಗಿ ಹೋಗ್ಲಿ. ನಿನ್ನ ಕೈ ಹ್ವಾದ್ರ ನಾ ಯಾರಿಗೆ ಮಾರಿ ತೋರಸ್ಲಿ ಶಂಕ್ರಿ?’

ಬೈದಿದ್ದರೆ ಶಂಕ್ರೆವ್ವ ತಡೆದುಕೊಳ್ಳುತ್ತಿದ್ದಳು. ನೋಟುಬುಕ್ಕು ಎಳೆದುಕೊಂಡು ಹಾಳೆ ತೆಗೆದು, ಬಾತ ಬೆರಳನ್ನು ಗೆರೆ ಎಳೆದ ಸಾಲಿನ ಮೇಲೆ ಇಟ್ಟಳು.

ಕಸ್ತೂರೆವ್ವ ಎರಡು ಸಲ ಓದಿದಳು.

‘ಅವತ್ತ ಕಂಡಿತ್ತ?’

‘ಕಂಡಿತ್ರಿ.’

‘ಯಾಕ ಬೇ?’

‘ನಿಮಗಂತ ಮಗ್ಗ ನಿಲ್ಲತಾವಲ್ರಿ,’ ಎಂದಳು ಶಂಕ್ರೆವ್ವ.

ಕಸ್ತೂರೆವ್ವ ಇದನ್ನು ಅತ್ತೆಗೆ ಹೇಳಲಿಲ್ಲ. ಬೆರಳಿಗೆ ಬಣ್ಣ ಬರುವವರೆಗೂ ತಿಕ್ಕಿ, ಆಮೇಲೆ ನೆರೆಮನೆಯ ಇಂದ್ರವ್ವನನ್ನು ಕರೆದು ಕೂರಿಸಿಕೊಂಡು, ಸಾಲು ನೋಡಿ ನೋಡಿ ಚಪ್ಪಟೆ ಗಂಟು ಕಲಿತಳು. ಸಂಜೆಯೊಳಗೆ ಕೈಗೆ ಹತ್ತಿತು.

ಮರುದಿನ ಜಮಖಂಡಿ ಬಸ್ಸಿಗೆ ಇಂದ್ರವ್ವನೇ ಹೊರಟಳು, ತಲೆಗೆ ಎಣ್ಣೆ ಹಚ್ಚಿಕೊಂಡು, ಪಟ್ಟಿ ಕಟ್ಟಲು ಅನುವಾಗಲೆಂದು ತೋಳಿಲ್ಲದ ಕುಪ್ಪಸ ಯಾರದೋ ಕೇಳಿ ತೊಟ್ಟುಕೊಂಡು. ಸಾಲಿಯ ಮುಖ ನೋಡದ ಹುಡುಗಿ. ಶಂಕ್ರೆವ್ವ ಬಾಗಿಲಲ್ಲಿ ನಿಂತು ಅವಳ ಬೋಳು ತೋಳನ್ನೇ ನೋಡಿದಳು. ಅಕ್ಕನ ಮೇಲಿನ ಹೊಟ್ಟೆಕಿಚ್ಚು ಅಷ್ಟೂ ಆ ತೋಳಿನ ಮೇಲೆ ಹೋಗಿ ಕೂತಿತ್ತು.